14 ತಿಂಗಳ ಕ್ಯಾರವಾನ್ ಸೋರುತ್ತಿದೆ, ಡೀಲರ್ ‘ವಾರಂಟಿ ಮುಗೀತು’ ಅಂತಾನೆ. ಏನು ಮಾಡೋದು?

ಟಾರ್ನೀಟ್ ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ಮೆಲ್ಬರ್ನ್. ಹೋದ ವರ್ಷ 19 ಅಡಿ 6 ಇಂಚಿನ ಹೊಸ ಕ್ಯಾರವಾನ್ ತಗೊಂಡೆವು, ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಗಾಲಿ ಮನೆ. 78,000 ಡಾಲರ್. ಊರಲ್ಲಿ ಅಮ್ಮನಿಗೆ ಹೇಳಿದಾಗ "ಕ್ಯಾರವಾನ್ ಯಾಕೋ ನಿನಗೆ, ಸಿನಿಮಾದವರ ಹಾಗೆ ಮೇಕಪ್ ಮಾಡ್ಕೋತೀಯಾ?" ಅಂದಿದ್ದರು. ಈಗ ಅವರ ಮಾತೇ ಕೇಳಬೇಕಿತ್ತು ಅನ್ನಿಸುತ್ತಿದೆ.

ಮೊದಲ ಪ್ರವಾಸ ಲೇಕ್ಸ್ ಎಂಟ್ರೆನ್ಸ್. ಅಲ್ಲಿ ತಲುಪಿ ಬಾಗಿಲು ತೆಗೆದರೆ ಡ್ರಾಯರ್‌ಗಳೆಲ್ಲ ಬಾಯಿ ಬಿಟ್ಟುಕೊಂಡಿದ್ದವು, ಚಮಚ ಸೌಟು ಎಲ್ಲ ನೆಲದ ಮೇಲೆ. ನಗಾಡಿ ಸುಮ್ಮನಾದೆವು. ಎರಡನೇ ಸಲ ಗ್ರ್ಯಾಂಪಿಯನ್ಸ್‌ಗೆ ಹೋದಾಗ ನೀರಿನ ಪಂಪ್ ನಿಂತೇ ಹೋಯಿತು. ಡೀಲರ್ ಹತ್ತಿರ ಬಿಟ್ಟೆ. ಪಂಪ್ ಬದಲಿಸೋಕೆ ಮೂರು ವಾರ ತಗೊಂಡರು, ಡ್ರಾಯರ್ ಲಾಕ್ ‘ಸ್ಟಾಕ್ ಇಲ್ಲ’ ಅಂದರು, ಇವತ್ತಿಗೂ ರಬ್ಬರ್ ಬ್ಯಾಂಡ್ ಹಾಕಿಕೊಂಡೇ ಓಡಾಡ್ತಿದ್ದೇವೆ.

ಈಗಿನದು ದೊಡ್ಡದು. ಈ ಚಳಿಗಾಲ ಎರಡು ವಾರ ಬಿಡದೆ ಮಳೆ ಬಂತಲ್ಲ, ಆಮೇಲೆ ಒಂದು ಭಾನುವಾರ ಒಳಗೆ ಹೋದರೆ ಮುಗ್ಗಲು ವಾಸನೆ. ನಮ್ಮೂರ ಅಟ್ಟದ ಮೇಲೆ ಮಳೆಗಾಲದಲ್ಲಿ ಬರುತ್ತಲ್ಲ, ಥೇಟ್ ಅದೇ. ಹಾಸಿಗೆ ಮೇಲಿನ ಕಪಾಟು ತೆಗೆದೆ. ಬೆಡ್‌ಶೀಟ್ ಒದ್ದೆ, ಹಿಂದಿನ ಪ್ಲೈವುಡ್ ಮೇಲೆ ಕಂದು ಕಲೆ. ಹೆಬ್ಬೆರಳಲ್ಲಿ ಒತ್ತಿದರೆ ನೆನೆದ ಹಪ್ಪಳದ ಹಾಗೆ ಒಳಗೆ ಹೋಯಿತು, ವಾಪಸ್ ಬರಲಿಲ್ಲ. ಇದರ ಜೊತೆಗೆ ಎಡಗಡೆ ಹಿಂದಿನ ಟೈರ್ ಒಳಬದಿ ಮಾತ್ರ ಬೋಳಾಗಿದೆ. ಓಡಿದ್ದು 6,000 ಕಿಲೋಮೀಟರ್ ಅಷ್ಟೇ.

ಡೀಲರ್‌ಗೆ ಫೋನ್ ಮಾಡಿದೆ. "12 ತಿಂಗಳ ವಾರಂಟಿ ಮುಗಿದಿದೆ, ಫ್ಯಾಕ್ಟರಿ ಜೊತೆ ಮಾತಾಡಿ" ಅಂದ. ಫ್ಯಾಕ್ಟರಿಯವರು "ಡೀಲರ್ ಮೂಲಕ ಬನ್ನಿ" ಅಂದರು. ಮೂರನೇ ಸಲ ಮಾಡಿದಾಗ ಡೀಲರ್ ರಾಗ ಬದಲಿಸಿ "ಮಣ್ಣು ರಸ್ತೆಗೆ ತಗೊಂಡು ಹೋಗಿದ್ದೀರಾ?" ಅಂತ ಶುರು ಮಾಡಿದ. ನಮ್ಮ ಹಳ್ಳಿಗಳಲ್ಲಿ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಇವರ ಶೋರೂಮಿನ ಮೇಲೂ ಅದೇ ಬರೆದಿರಬೇಕು.

ನಾನೇ ಸಿಲಿಕಾನ್ ಅಂಟು ತಂದು ಸಂದಿಗೆ ಬಳಿದುಬಿಡಲಾ? ದುಡ್ಡು ವಾಪಸ್ ಕೇಳೋದು ಸಾಧ್ಯವಾ? ಯಾರಿಗಾದರೂ ಅನುಭವ ಇದ್ದರೆ ಹೇಳಿ.

ಅಡಿಲೇಡ್ ಅಡಿಕೆ

ಸಿಲಿಕಾನ್ ಮುಟ್ಟಬೇಡಿ!! ನಾನು ಅದೇ ತಪ್ಪು ಮಾಡಿದ್ದು. ಬಚ್ಚಲುಮನೆಗೆ ಬಳಸೋ ಸಿಲಿಕಾನ್ ಬಳಿದೆ. ಆಮೇಲೆ ರಿಪೇರಿಯವನು ಬಂದು, ಅದರ ಮೇಲೆ ಸಂದು ಮುಚ್ಚೋ ಬೇರೆ ಯಾವ ಅಂಟೂ (ಸೀಲೆಂಟ್) ಸರಿಯಾಗಿ ಹಿಡಿಯಲ್ಲ, ಮೊದಲು ಎಲ್ಲ ಕೆರೆದು ತೆಗೀಬೇಕು ಅಂತ ಅದಕ್ಕೇ ಅರ್ಧ ದಿನದ ಕೂಲಿ ಹಾಕಿದ. ಅದಕ್ಕಿಂತ ಹೆಚ್ಚಾಗಿ, ಡೀಲರ್‌ಗೆ "ಮಾಲೀಕರೇ ಕೈ ಹಾಕಿ ಕೆಡಿಸಿದ್ದಾರೆ" ಅನ್ನೋಕೆ ನಾವೇ ನೆಪ ಕೊಟ್ಟ ಹಾಗಾಯಿತು. ಈಗ ಒಂದು ಒಳ್ಳೆ ಟಾರ್ಪಾಲು ಹಾಕಿ ಮುಚ್ಚಿ. ಮುಚ್ಚೋ ಮುಂಚೆ ಫೋಟೊ, ವಿಡಿಯೊ ತೆಗೆದಿಡಿ.

ಗೀಲಾಂಗ್ ಗಾಡಿ

ತೀರ್ಥಹಳ್ಳಿಯವರೇ, ನಾನು ಮೂರು ವರ್ಷದ ಹಿಂದೆ ಇದೇ ದಾರೀಲಿ ನಡೆದವನು. ಸಮಾಧಾನವಾಗಿ ಓದಿ.

ಮೊದಲು ‘ವಾರಂಟಿ ಮುಗೀತು’ ಅನ್ನೋ ಮಾತನ್ನು ತಲೆಯಿಂದ ತೆಗೀರಿ. ಕಂಪನಿ ಪುಸ್ತಕದಲ್ಲಿ ಬರೆದುಕೊಟ್ಟ ವಾರಂಟಿ ಬೇರೆ, ಕಾನೂನು ಕೊಟ್ಟಿರೋ ಗ್ಯಾರಂಟಿ ಬೇರೆ. ಆಸ್ಟ್ರೇಲಿಯಾದಲ್ಲಿ 2011ರಿಂದ ಇರುವ ಗ್ರಾಹಕ ಕಾನೂನಿನ ಪ್ರಕಾರ, ವಸ್ತು ಅದರ ಬೆಲೆಗೆ ತಕ್ಕಷ್ಟು ಕಾಲ ಬಾಳಿಕೆ ಬರಬೇಕು. 12 ತಿಂಗಳು ಅನ್ನೋ ಗೆರೆ ಅದರಲ್ಲಿ ಇಲ್ಲ. 78,000 ಕೊಟ್ಟ ಗಾಡಿ 14 ತಿಂಗಳಿಗೆ ಸೋರಬಹುದು ಅಂತ ಯಾರಾದರೂ ಒಪ್ತಾರಾ?

ಎರಡನೇದು, ‘ಫ್ಯಾಕ್ಟರಿ ಜೊತೆ ಮಾತಾಡಿ’. ಇದನ್ನ ಡೀಲರ್ ಹೇಳೋ ಹಾಗೇ ಇಲ್ಲ. ಯಾರು ಮಾರಿದರೋ ಜವಾಬ್ದಾರಿ ಅವರದ್ದೇ. ತಯಾರಕರ ಹತ್ತಿರ ಖರ್ಚು ವಸೂಲಿ ಮಾಡಿಕೊಳ್ಳೋಕೆ ಡೀಲರ್‌ಗೆ ಕಾನೂನಲ್ಲೇ ದಾರಿ ಇದೆ. ಅದು ಅವರಿಬ್ಬರ ಲೆಕ್ಕಾಚಾರ, ನೀವು ಮಧ್ಯದಲ್ಲಿ ಚೆಂಡಿನ ಹಾಗೆ ಓಡಾಡಬೇಕಿಲ್ಲ.

ಮೂರನೇದು ದುಡ್ಡು ವಾಪಸ್ ವಿಷಯ. ದೋಷ ಚಿಕ್ಕದಾದರೆ ಮಾರಿದವನಿಗೆ ರಿಪೇರಿ ಮಾಡೋ ಅವಕಾಶ ಕೊಡಬೇಕು, ಆದರೆ ಅದು ನ್ಯಾಯವಾದ ಸಮಯದೊಳಗೆ ಆಗಬೇಕು. ದೋಷ ದೊಡ್ಡದಾದರೆ ರಿಪೇರಿಯೋ, ಬದಲಿಯೋ, ದುಡ್ಡೋ ಅನ್ನೋದು ನಿಮ್ಮ ಆಯ್ಕೆ. ಈ ತೊಂದರೆ ಇದೆ ಅಂತ ಮೊದಲೇ ಗೊತ್ತಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ ಅನ್ನೋದು ದೊಡ್ಡ ದೋಷಕ್ಕೆ ಇರೋ ಒಂದು ಅಳತೆ. 2020ರ ಕೊನೆಗೆ ಒಂದು ತಿದ್ದುಪಡಿ ಬೇರೆ ಬಂತು, ಹಲವು ಚಿಕ್ಕ ದೋಷಗಳು ಸೇರಿದರೂ ದೊಡ್ಡ ದೋಷ ಆಗಬಹುದು ಅಂತ. ಹಾಗಾಗಿ ಡ್ರಾಯರ್, ಪಂಪ್, ಟೈರ್ ಯಾವುದನ್ನೂ ‘ಹೋಗ್ಲಿ ಬಿಡು’ ಅಂತ ಬಿಡಬೇಡಿ, ಎಲ್ಲವೂ ಪಟ್ಟಿಯಲ್ಲಿ ಇರಲಿ.

ಇವತ್ತಿನಿಂದ ಫೋನ್ ಬಿಡಿ. ಬರೀ ಈಮೇಲ್. ಫೋನ್ ಬಂದರೂ ಮಾತಾಡಿ ಆದ ಮೇಲೆ "ನೀವು ಹೀಗೆ ಹೇಳಿದಿರಿ" ಅಂತ ಒಂದು ಮೇಲ್ ಹಾಕಿ. ಕೋಪ ಬೇಡ, ಬೈಗುಳ ಬೇಡ, ತಾರೀಖು ಮತ್ತು ಫೋಟೊ ಸಾಕು. ಆಮೇಲೆ ಒಬ್ಬ ಸ್ವತಂತ್ರ ಇನ್ಸ್‌ಪೆಕ್ಟರ್ ಕರೆಸಿ. ನಾನು 450 ಡಾಲರ್ ಕೊಟ್ಟೆ, ಹೊಟ್ಟೆ ಉರೀತು, ಆದರೆ ಇಡೀ ಜಗಳದಲ್ಲಿ ಕೆಲಸಕ್ಕೆ ಬಂದ ದುಡ್ಡು ಅದೊಂದೇ.

ಅವನು ಪರೀಕ್ಷೆ ಮಾಡೋದು ನೋಡೋಕೆ ಮಜಾ ಇರುತ್ತೆ. ಕಿಟಕಿ, ಗಾಳಿ ಕಿಂಡಿ ಎಲ್ಲ ಮುಚ್ಚಿ ಒಂದು ದೊಡ್ಡ ಫ್ಯಾನಿಂದ ಒಳಗೆ ಗಾಳಿ ತುಂಬ್ತಾನೆ. ಹೊರಗಡೆ ಜಾಯಿಂಟ್ ಉದ್ದಕ್ಕೂ ಸೋಪಿನ ನೀರು ಚಿಮುಕಿಸ್ತಾನೆ. ಎಲ್ಲಿ ಸೀಲ್ ಬಿಟ್ಟಿದೆಯೋ ಅಲ್ಲಿ ಗುಳ್ಳೆ. ಊರಲ್ಲಿ ಪಂಕ್ಚರ್ ಅಂಗಡಿಯವನು ಟ್ಯೂಬನ್ನ ಬಾನಿಯಲ್ಲಿ ಮುಳುಗಿಸಿ ನೋಡ್ತಾನಲ್ಲ, ಅದೇ ವಿದ್ಯೆ. ನನ್ನ ಗಾಡೀಲಿ ಛಾವಣಿ ಕಿಂಡಿಯ ಮೂಲೆಯಿಂದ ಗುಳ್ಳೆ ಏಳೋದನ್ನ ವಿಡಿಯೊ ಮಾಡಿ ಕಳಿಸಿದೆ. ಅಷ್ಟು ದಿನ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಇದ್ದ ಡೀಲರ್ ಮಾರನೇ ದಿನವೇ ಉತ್ತರ ಕೊಟ್ಟ.

ಅಂದ ಹಾಗೆ ನಿಮ್ಮ ಹಣೆಬರಹ ಒಂದೇ ಕೆಟ್ಟದ್ದು ಅಂದುಕೊಳ್ಳಬೇಡಿ. 2022ರಲ್ಲಿ ಎಸಿಸಿಸಿ (ಇಲ್ಲಿನ ಕೇಂದ್ರ ಗ್ರಾಹಕ ಆಯೋಗ) 2,270 ಜನರ ಹತ್ತಿರ ವಿಚಾರಿಸಿದಾಗ ಶೇಕಡಾ 80ರಷ್ಟು ಜನ ಹೊಸ ಕ್ಯಾರವಾನ್‌ನಲ್ಲಿ ಏನೋ ಒಂದು ತೊಂದರೆ ಇತ್ತು ಅಂದಿದ್ದರು.

ವೈರಿಂಗ್ ಮಾಮ

ನಾನು ಕ್ಯಾಂಬೆಲ್‌ಫೀಲ್ಡ್ ಕಡೆ ಒಂದು ಕ್ಯಾರವಾನ್ ಫ್ಯಾಕ್ಟರೀಲಿ ಎರಡು ವರ್ಷ ಎಲೆಕ್ಟ್ರಿಕಲ್ ಕೆಲಸ ಮಾಡಿದ್ದೆ. ಮೆಲ್ಬರ್ನಿನ ಉತ್ತರಕ್ಕೆ ಆ ಕಡೆ ಹೋದರೆ ಬೀದಿಗೊಂದು ಕ್ಯಾರವಾನ್ ಫ್ಯಾಕ್ಟರಿ. ಒಳಗಿನ ವಿಷಯ ಸ್ವಲ್ಪ ಹೇಳ್ತೀನಿ.

ಇದು ಕಾರಿನ ಹಾಗೆ ರೋಬೋಟ್ ಮಾಡೋ ಕೆಲಸ ಅಲ್ಲ. ಪೂರ್ತಿ ಕೈಕೆಲಸ. ಛಾವಣಿಯ ಹಾಳೆ ಗೋಡೆಗೆ ಸೇರೋ ಕಡೆ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಬರುತ್ತಲ್ಲ, ಅದರ ಅಡಿ ಸೀಲೆಂಟ್ ಬಳಿದು ಸ್ಕ್ರೂ ಹೊಡೀತಾರೆ. ಬಳಿಯೋನು ಮೂಲೆ ತಿರುಗಿಸೋವಾಗ ಸೀಲೆಂಟ್ ಗನ್ ಎತ್ತಿದ ಅಂದರೆ ಅಲ್ಲಿ ಎರಡು ಇಂಚು ಖಾಲಿ. ಪಟ್ಟಿ ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಗಾಡಿ ಅಲುಗಾಡ್ತಾ ಓಡಾಡಿದ ಮೇಲೆ ಸಂದು ಬಿಡುತ್ತೆ. ನೀರು ಅಲ್ಲಿ ಒಳಗೆ ಹೋಗಿ ಫ್ರೇಮ್ ಮೇಲೆ ಜಾರಿ ಮೂರು ಅಡಿ ದೂರದಲ್ಲಿ ಹೊರಗೆ ಬರುತ್ತೆ. ಅದಕ್ಕೇ ಕಲೆ ಇರೋ ಜಾಗವೇ ತೂತಿರೋ ಜಾಗ ಅಂದುಕೊಳ್ಳಬೇಡಿ.

ನಿಮ್ಮದು ಮರದ ಫ್ರೇಮಾ, ಅಲ್ಯೂಮಿನಿಯಮ್ಮಾ? ಮರ ಆದರೆ ತಡ ಮಾಡಿದಷ್ಟೂ ಕೊಳೆಯುತ್ತೆ. ಅಲ್ಯೂಮಿನಿಯಂ ಕೊಳೆಯಲ್ಲ ಅಂತ ಸೇಲ್ಸಿನವರು ಎದೆ ತಟ್ಟಿಕೊಳ್ತಾರೆ. ಒಳಗಿನ ಪ್ಲೈ, ಕಪಾಟು ಎಲ್ಲ ಮರವೇ ಅಲ್ವಾ?

ಡೀಲರ್ ಯಾಕೆ ಎಳೆದಾಡ್ತಾನೆ ಅಂದರೆ, ಪ್ರತಿ ವಾರಂಟಿ ಕೆಲಸಕ್ಕೂ ಫೋಟೊ ಕಳಿಸಿ ಫ್ಯಾಕ್ಟರಿ ಒಪ್ಪಿಗೆ ತಗೋಬೇಕು. ಅವರು ಇಂತಿಷ್ಟು ಗಂಟೆ ಅಂತ ಮಂಜೂರು ಮಾಡ್ತಾರೆ, ಅದೂ ಮಾಮೂಲಿ ರೇಟಿಗಿಂತ ಕಮ್ಮಿಗೆ. ಹಾಗಾಗಿ ದುಡ್ಡು ಕೊಡೋ ಗಿರಾಕಿಯ ಗಾಡಿ ಮುಂದೆ, ನಿಮ್ಮದು ಹಿಂದೆ. ಇನ್ನು ಕ್ರಿಸ್ಮಸ್ ಬಂತು ಅಂದರೆ ಫ್ಯಾಕ್ಟರಿಗಳು ವಾರಗಟ್ಟಲೆ ಬಾಗಿಲು ಹಾಕ್ತವೆ. ಅದಕ್ಕೆ ಮುಂಚೆ ತಾರೀಖು ಗಟ್ಟಿ ಮಾಡಿಕೊಳ್ಳಿ.

ಟೈರ್ ಒಳಬದಿ ಮಾತ್ರ ಸವೆದಿದ್ದರೆ ಆಕ್ಸಲ್ (ಚಕ್ರದ ಅಚ್ಚು) ಸೊಟ್ಟ ಇರಬಹುದು, ಅಥವಾ ಭಾರ ಜಾಸ್ತಿ ಆಗಿರಬಹುದು. ಡೀಲರ್ ಎರಡನೇದೇ ಹೇಳ್ತಾನೆ, ಬರೆದಿಟ್ಕೊಳ್ಳಿ. ಆದ್ದರಿಂದ ನೀವೇ ಮೊದಲು ವೇ ಬ್ರಿಡ್ಜಿಗೆ ಹೋಗಿ, ಪ್ರವಾಸಕ್ಕೆ ಹೋಗೋ ಹಾಗೆ ಪೂರ್ತಿ ತುಂಬಿಸಿ, ನೀರಿನ ಟ್ಯಾಂಕ್ ಸಮೇತ ತೂಗಿಸಿ ಚೀಟಿ ತಗೊಳ್ಳಿ. ಗಾಡಿಯ ಪ್ಲೇಟ್ ಮೇಲೆ ಬರೆದಿರೋ ಗರಿಷ್ಠ ತೂಕದ ಒಳಗಿದ್ದರೆ ಅವನ ಬಾಯಿ ಅಲ್ಲೇ ಮುಚ್ಚುತ್ತೆ. ಮಣ್ಣು ರಸ್ತೆ ಮಾತಿಗೆ ನಿಮ್ಮ ಬ್ರೋಷರ್ ಹುಡುಕಿ. ಕೆಂಪು ಧೂಳು ಎಬ್ಬಿಸ್ಕೊಂಡು ಹೋಗೋ ಫೋಟೊ ಹಾಕಿ ‘ಆಫ್ ರೋಡ್’ ಅಂತ ಮಾರಿದ್ದರೆ ಈಗ ಅದೇ ರಸ್ತೆಯನ್ನ ದೂರೋಕೆ ಆಗಲ್ಲ.

ಒಂದು ವಿಷಯದಲ್ಲಿ ಗೀಲಾಂಗ್ ಅವರ ಜೊತೆ ನಾನು ಪೂರ್ತಿ ಒಪ್ಪಲ್ಲ. ಡ್ರಾಯರ್ ಲಾಕಿಗೆಲ್ಲ ಗಾಡಿಯನ್ನ ಆರು ವಾರ ಅಲ್ಲಿ ಬಿಡಬೇಡಿ. ಅಂಗಡೀಲಿ ಕೆಲವೇ ಡಾಲರಿಗೆ ಸಿಗುತ್ತೆ, ಫೋಟೊ ತೆಗೆದು, ರಸೀದಿ ಇಟ್ಟುಕೊಂಡು ನೀವೇ ಹಾಕಿಕೊಳ್ಳಿ. ಹೋರಾಟ ಎಲ್ಲ ಸೋರಿಕೆಗೆ ಮತ್ತು ಆಕ್ಸಲ್‌ಗೆ ಇಟ್ಟುಕೊಳ್ಳಿ. ಗ್ಯಾಸ್, ಬ್ರೇಕ್, 240 ವೋಲ್ಟ್ ವೈರಿಂಗ್ ಮಾತ್ರ ನೀವಾಗೇ ಮುಟ್ಟಬೇಡಿ.

ರೆಡಿಂಗ್ ರೊಟ್ಟಿ

ನಾವು ಇಂಗ್ಲೆಂಡಿನಲ್ಲಿ ಇರೋದು, ನಮ್ಮ ಮನೆಯವರಿಗೆ ಈ ಕ್ಯಾರವಾನ್ ಹುಚ್ಚು. ಇಲ್ಲಿ ಮಳೆ ನಿಮಗಿಂತ ಜಾಸ್ತಿ, ಹಾಗಾಗಿ ತೇವದ ಲೆಕ್ಕ ನಮಗೆ ಬಾಯಿಪಾಠ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವಾಗ ತೇವದ ಮೀಟರ್ ಹಿಡಿದು ಗೋಡೆಗೋಡೆಗೂ ಅಳೆಯುತ್ತಾರೆ. ಶೇಕಡಾ 15ರ ಒಳಗಿದ್ದರೆ ಚಿಂತೆ ಇಲ್ಲ. 15ರಿಂದ 20 ಇದ್ದರೆ ಕಣ್ಣಿಡಬೇಕು. 20 ದಾಟಿದರೆ ಹುಡುಕಿ ರಿಪೇರಿ ಮಾಡಿಸಬೇಕು, 30 ದಾಟಿದರೆ ಒಳಗೆ ಕೊಳೆಯೋದು ಶುರುವಾಗಿದೆ ಅಂತ.

ನಮಗೆ ಆದ ಪಾಠ ಏನೆಂದರೆ, ಆ ವರ್ಷದ ಸರ್ವಿಸ್ ಎರಡು ತಿಂಗಳು ತಡ ಮಾಡಿದೆವು. ಗಾಡಿಯ ಹೊರಕವಚಕ್ಕೆ ಹತ್ತು ವರ್ಷ ವಾರಂಟಿ ಅಂತ ದೊಡ್ಡದಾಗಿ ಬರೆದಿದ್ದರು. ಸಣ್ಣಕ್ಷರದಲ್ಲಿ ‘ಪ್ರತಿ ವರ್ಷ ತಪ್ಪದೆ ತೇವ ಪರೀಕ್ಷೆ ಆಗಿರಬೇಕು’ ಅಂತ ಇತ್ತು. ಆ ಎರಡು ತಿಂಗಳು ಹಿಡಿದುಕೊಂಡು ಎಷ್ಟು ಜಗ್ಗಾಡಿದರು ಗೊತ್ತಾ. ನಿಮ್ಮ ಸರ್ವಿಸ್ ಪುಸ್ತಕದಲ್ಲಿ ಸೀಲು, ತಾರೀಖು ಸರಿಯಾಗಿವೆಯಾ ನೋಡಿಕೊಳ್ಳಿ.

ಕೊನೆಗೆ ನಮ್ಮನ್ನು ಉಳಿಸಿದ್ದು ಕ್ರೆಡಿಟ್ ಕಾರ್ಡ್. ಮುಂಗಡ ಸ್ವಲ್ಪ ಕಾರ್ಡಲ್ಲಿ ಕೊಟ್ಟಿದ್ದೆವು. ಇಲ್ಲಿ 1974ರ ಕಾನೂನಿನ ಸೆಕ್ಷನ್ 75 ಪ್ರಕಾರ, ವಸ್ತುವಿನ ಬೆಲೆ 100 ಪೌಂಡಿಗಿಂತ ಜಾಸ್ತಿ ಇದ್ದು 30,000 ದಾಟಿರದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕೂ ಅಷ್ಟೇ ಜವಾಬ್ದಾರ. ಬ್ಯಾಂಕಿಗೆ ಪತ್ರ ಹೋದ ಮೇಲೆ ಡೀಲರ್ ದನಿಯೇ ಬದಲಾಯಿತು. ನಿಮ್ಮ ದೇಶಕ್ಕೆ ಇದು ಬರಲ್ಲ, ಆದರೆ ಇಂಗ್ಲೆಂಡಿನಲ್ಲಿ ಕೊಳ್ಳೋ ಯಾರಾದರೂ ಓದುತ್ತಿದ್ದರೆ ನೆನಪಿರಲಿ. ಇನ್ನೊಂದು, ಇಲ್ಲಿ ಮೊದಲ 30 ದಿನದಲ್ಲಿ ದೋಷ ಕಂಡರೆ ರಿಪೇರಿ ಗಿಪೇರಿ ಬೇಡ ಅಂತ ನೇರ ವಾಪಸ್ ಕೊಡಬಹುದು. ಅದಕ್ಕೇ ಕೊಂಡ ಮೊದಲ ವಾರವೇ ಮನೆ ಮುಂದೆ ನಿಲ್ಲಿಸಿಕೊಂಡು ಪೈಪಲ್ಲಿ ನೀರು ಹೊಡೆದು, ಒಲೆ ಹಚ್ಚಿ, ಒಳಗೇ ಮಲಗಿ ನೋಡಿಬಿಡಬೇಕು.

ಟಾರ್ನೀಟ್ ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫ್ರೇಮ್ ಮರದ್ದಂತೆ ಮಾಮ, ಕೇಳಿ ಎದೆ ಧಸಕ್ ಅಂತು. ಈಮೇಲ್ ಹಾಕಿದ್ದೇನೆ, ಪಂಪಿನಿಂದ ಹಿಡಿದು ಟೈರ್ ತನಕ ತಾರೀಖಿನ ಸಮೇತ. ಇನ್ಸ್‌ಪೆಕ್ಟರ್ ಶನಿವಾರ ಬರ್ತಾನೆ. ಒಂದು ಡೌಟು: ಡೀಲರ್ ಉತ್ತರವೇ ಕೊಡದಿದ್ದರೆ?

ಗೀಲಾಂಗ್ ಗಾಡಿ

ಮೇಲ್‌ನಲ್ಲೇ ಒಂದು ಗಡುವು ಹಾಕಿ, 14 ದಿನ ಅಂತ. ಆಗದಿದ್ದರೆ ನಮ್ಮ ರಾಜ್ಯದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಗೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ವೀಕ್ಯಾಟ್ ಅನ್ನೋ ರಾಜ್ಯದ ನ್ಯಾಯಮಂಡಳಿ ಇದೆ, ಅಲ್ಲಿ ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಆದರೆ ದುಡ್ಡು ವಾಪಸ್ ಬೇಕು ಅಂತ ತೀರ್ಮಾನ ಮಾಡಿದರೆ ಅವತ್ತಿಂದ ಗಾಡಿ ಬಳಸಬೇಡಿ. ಇತ್ತ ವಾಪಸ್ ತಗೋ ಅನ್ನೋದು, ಅತ್ತ ಈಸ್ಟರ್ ರಜೆಗೆ ಎಳ್ಕೊಂಡು ಹೋಗೋದು, ಎರಡೂ ನಡೆಯಲ್ಲ.

ಟಾರ್ನೀಟ್ ತೀರ್ಥಹಳ್ಳಿ

ಅಪ್ಡೇಟ್. ಶನಿವಾರ ಪರೀಕ್ಷೆ ಆಯಿತು. ಮಾಮ ಹೇಳಿದ್ದು ನೂರಕ್ಕೆ ನೂರು ನಿಜ. ಕಲೆ ಇದ್ದಿದ್ದು ಕಪಾಟಿನ ಹಿಂದೆ, ಗುಳ್ಳೆ ಎದ್ದಿದ್ದು ಮುಂದಿನ ಎಡಮೂಲೆಯ ಪಟ್ಟಿ ಹತ್ತಿರ, ಸುಮಾರು ನಾಲ್ಕು ಅಡಿ ಆಚೆ. ಸಣ್ಣ ಸಣ್ಣ ಗುಳ್ಳೆ, ಹಾಲು ಉಕ್ಕೋ ಮುಂಚೆ ಅಂಚಲ್ಲಿ ಬರ್ತವಲ್ಲ ಹಾಗೆ. ಮಗಳು ಏಣಿ ಹಿಡ್ಕೊಂಡು "ಅಪ್ಪಾ ಇಲ್ಲೂ, ಇಲ್ಲೂ" ಅಂತ ಕೂಗ್ತಿದ್ದಳು, ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಮೀಟರ್ ಕಪಾಟಿನ ಹಿಂದೆ 31 ತೋರಿಸಿತು, ಬಲಗಡೆ ಗೋಡೆ 12. ತೂಕದ ಚೀಟಿಯೂ ಸಿಕ್ಕಿತು, ಮಿತಿಗಿಂತ 140 ಕಿಲೋ ಕಡಿಮೆ ಇದ್ದೇವೆ.

ವರದಿ ಮತ್ತು ವಿಡಿಯೊ ಸೋಮವಾರ ಕಳಿಸಿದೆ. ಬುಧವಾರ ಡೀಲರ್ ಮೇಲ್ ಬಂತು. ‘ಸೌಹಾರ್ದದ ದೃಷ್ಟಿಯಿಂದ’ ಮೂಲೆಗೆ ಹೊಸದಾಗಿ ಸೀಲ್ ಮಾಡಿಕೊಡ್ತಾರಂತೆ, ಆಕ್ಸಲ್ ಅಲೈನ್‌ಮೆಂಟೂ ನೋಡ್ತಾರಂತೆ. ನೆನೆದ ಪ್ಲೈ ಬಗ್ಗೆ ಒಂದಕ್ಷರ ಇಲ್ಲ. ಯಜಮಾನಿ "ಅಷ್ಟಾದರೂ ಮಾಡಲಿ, ಒಪ್ಪಿಕೋ" ಅಂತಾಳೆ. ನನಗೆ ಮನಸ್ಸಿಲ್ಲ.

ವೈರಿಂಗ್ ಮಾಮ

ಒಪ್ಪಬೇಡಿ. ಹೊರಗೆ ಸೀಲ್ ಮಾಡಿದರೆ ಒಳಗಿನ ನೀರು ಒಳಗೇ ಕೂತು ಕೊಳೆಯುತ್ತೆ. ಪ್ಲೈ ಬಿಚ್ಚಬೇಕು, ಫ್ರೇಮ್ ಒಣಗಿಸಬೇಕು, ಕೊಳೆತ ತುಂಡು ಬದಲಿಸಬೇಕು. ಹೊಸ ಪ್ಲೈ ಮುಚ್ಚೋ ಮುಂಚೆ ಫ್ರೇಮಿನ ಫೋಟೊ, ಮುಚ್ಚಿದ ಮೇಲೆ ಮತ್ತೆ ಗುಳ್ಳೆ ಪರೀಕ್ಷೆ, ಮುಗಿಸೋ ತಾರೀಖು. ಇಷ್ಟನ್ನೂ ಬರೆದುಕೊಟ್ಟರೆ ಮಾತ್ರ ಗಾಡಿ ಕೊಡಿ. ಕೊಡೋವಾಗ ಒಳಗೆ ಹೊರಗೆ ವಿಡಿಯೊ ಮಾಡಿ, ಎಷ್ಟೇ ದೂರ ಆದರೂ ಪರವಾಗಿಲ್ಲ, ನೀವೇ ಹೋಗಿ ಬಿಟ್ಟು ಬನ್ನಿ.

ಟಾರ್ನೀಟ್ ತೀರ್ಥಹಳ್ಳಿ

ಅದನ್ನೇ ಯಥಾವತ್ತಾಗಿ ಬರೆದು ಈಗಷ್ಟೇ ಕಳಿಸಿದೆ ಮಾಮ. ಆಗದಿದ್ದರೆ ದುಡ್ಡು ವಾಪಸ್ ಕೇಳ್ತೀನಿ ಅಂತಲೂ ಸೇರಿಸಿದೆ. ಇವತ್ತು ಮತ್ತೆ ಮಳೆ. ಟಾರ್ಪಾಲಿನ ಹಗ್ಗ ಇನ್ನೊಂದು ಸಲ ಬಿಗಿದು ಬಂದೆ.