ಅಪ್‌ಡೇಟ್: ಎಸ್ಟೀಮ್ ಎಂಜಿನ್ ಹಾಕಿರೋ ಝೆನ್‌ಗೆ ಏರ್ ಫಿಲ್ಟರ್

ಹೋದ ತಿಂಗಳು ಕೇಳಿದ್ದೆ, ನನ್ನ ಹಳೇ ಮಾರುತಿ ಝೆನ್ ಕಾರಿಗೆ ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್ ಕೂರಿಸಿದೀನಿ, ಓಪನ್ ಕೋನ್ ಫಿಲ್ಟರ್ (ಸುತ್ತ ಡಬ್ಬಿ ಇಲ್ಲದ ಏರ್ ಫಿಲ್ಟರ್) ಹಾಕ್ಲಾ ಇಲ್ಲ ಕಂಪನಿಯ ಮುಚ್ಚಿದ ಫಿಲ್ಟರ್ ಬಾಕ್ಸೇ ಹಾಕ್ಲಾ ಅಂತ. ಬಾಕ್ಸೇ ಹಾಕಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್, ನೀವು ಹೇಳಿದ್ದೇ ಸರಿ.

ಮೊದಲು ಕೋನ್ ಹಾಕೇ ನೋಡ್ದೆ. ಸೌಂಡ್ ಏನೋ ಚೆನ್ನಾಗಿತ್ತು, ಆದ್ರೆ ಚಿಕ್ಕಬಳ್ಳಾಪುರದ ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತು ಹೊರಟ್ರೆ ಗಾಡಿ ಎಳೀತಾನೇ ಇರ್ಲಿಲ್ಲ, ಬಾನೆಟ್ ಒಳಗಿನ ಬಿಸಿ ಗಾಳೀನೇ ಕುಡೀತಿತ್ತು, ಬಿಸಿ ಗಾಳೀಲಿ ಆಕ್ಸಿಜನ್ ಕಮ್ಮಿ ಅಲ್ವಾ. ಸಾಲದ್ದಕ್ಕೆ ನಮ್ಮ ಕಡೆ ಕ್ರಷರ್ ಧೂಳು, ಒಂದೇ ವಾರಕ್ಕೆ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡೋ ಭಾಗ) ಒಳಗಡೆ ಬೆರಳಿಟ್ರೆ ನುಣ್ಣನೆ ಪುಡಿ ಅಂಟ್ತು, ಅದನ್ನ ನೋಡಿ ಹೊಟ್ಟೆ ಉರೀತು.

ಈಗ ಬ್ಯಾಟರಿ ಟ್ರೇ ಸ್ವಲ್ಪ ಪಕ್ಕಕ್ಕೆ ಸರಿಸಿ ಎಸ್ಟೀಮ್ ಬಾಕ್ಸೇ ಕೂರಿಸಿ, ಗಾಳಿ ಎಳ್ಕೊಳ್ಳೋ ಪೈಪ್ ಬಾಯಿ ಹೆಡ್‌ಲೈಟ್ ಹಿಂದಕ್ಕೆ ತಂದಿದೀನಿ. ಬಂಪರ್ ಕೆಳಗೆ ಇಳಿಸ್ಲಿಲ್ಲ, ಮಳೇಲಿ ನೀರು ಎಳ್ಕೊಂಡ್ರೆ ಪಿಸ್ಟನ್‌ಗೆ ಸೇರಿರೋ ಕನೆಕ್ಟಿಂಗ್ ರಾಡೇ ಬೆಂಡ್ ಆಗುತ್ತೆ. ಈ ಎಂಜಿನ್‌ಗೆ ಮ್ಯಾಪ್ ಸೆನ್ಸರ್ (ಒಳಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) ಇರೋದು, ಹಾಗಾಗಿ ಪೈಪ್ ಬದಲಾಯಿಸಿದ್ರೂ ಪೈಪ್‌ನಲ್ಲಿ ಕೂರೋ ಏರ್‌ಫ್ಲೋ ಮೀಟರ್ ತಲೆನೋವಿಲ್ಲ, ಆದ್ರೆ ಗಾಳಿ ಟೆಂಪರೇಚರ್ ಸೆನ್ಸರ್ ಮತ್ತೆ ಬ್ರೀದರ್ ಹೋಸ್ (ಎಂಜಿನ್ ಒಳಗಿನ ಆವಿ ಹೊರಬರೋ ಪೈಪ್) ಮರೀದೆ ಕನೆಕ್ಟ್ ಮಾಡಿ.

ಭಾನುವಾರ ನಂದಿ ಬೆಟ್ಟ ಹತ್ತಿಸ್ದೆ, ಸೆಕೆಂಡ್ ಗೇರಲ್ಲಿ ಆರಾಮಾಗಿ ಎಳೀತು, ತುಂಬಾ ಖುಷಿ ಆಯ್ತು. ಆರ್‌ಸಿ ಬಗ್ಗೆ ಕೇಳಿದ್ರಲ್ಲ, ಆರ್‌ಟಿಓದಲ್ಲಿ ಎಂಜಿನ್ ಬದಲಾವಣೆ ಎಂಟ್ರಿ ಮಾಡಿಸಿದೀನಿ.