ಪದಚರ್ಚೆ: ಟಿಗ್ ವೆಲ್ಡಿಂಗ್‌ನಲ್ಲಿ ‘ರಾಡ್’ ಯಾವುದು, ‘ಎಲೆಕ್ಟ್ರೋಡ್’ ಯಾವುದು?

ಸ್ನೇಹಿತರೇ,

ಶಿವಮೊಗ್ಗದ ಐಟಿಐ ಹುಡುಗರಿಗಾಗಿ ಟಿಗ್ (ಟಂಗ್‌ಸ್ಟನ್ ಇನರ್ಟ್ ಗ್ಯಾಸ್) ವೆಲ್ಡಿಂಗ್ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ‘ಎಲೆಕ್ಟ್ರೋಡ್’ ಎಂಬ ಪದ ತೊಡಕಾಗಿದೆ, ನಿಮ್ಮ ಸಲಹೆ ಬೇಕು.

ಇಲ್ಲಿ ಗೇಟು, ಗ್ರಿಲ್ಲು ಮಾಡುವ ಅಂಗಡಿಗಳಲ್ಲಿ ಜಾಸ್ತಿ ನಡೆಯುವುದು ಆರ್ಕ್ ವೆಲ್ಡಿಂಗ್. ಅಲ್ಲಿ ಎಲೆಕ್ಟ್ರೋಡ್ ಅಂದರೂ ರಾಡ್ ಅಂದರೂ ಒಂದೇ. ಕರೆಂಟು ಹರಿಯುವುದು ಅದರಲ್ಲೇ, ಕರಗಿ ಜಾಯಿಂಟಿಗೆ ಸೇರುವುದೂ ಅದೇ. ಮೋಟಾದರೆ ಬಿಸಾಕಿ ಹೊಸದು ಸಿಕ್ಕಿಸುತ್ತಾರೆ.

ಟಿಗ್‌ನಲ್ಲಿ ಈ ಎರಡು ಕೆಲಸ ಬೇರೆ ಬೇರೆ. ಟಾರ್ಚಿನೊಳಗೆ ಪೆನ್ಸಿಲ್ಲಿನಂತೆ ಚೂಪು ಮಾಡಿದ, ಟಂಗ್‌ಸ್ಟನ್ ಎಂಬ ಲೋಹದ ಕಡ್ಡಿ ಇರುತ್ತದೆ. ಎಲೆಕ್ಟ್ರೋಡ್ ಅಂದರೆ ಇದೇ. ಅದರ ಮೊನೆಗೂ ಲೋಹಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ಜಾಗ. ಆರ್ಕ್, ಅಂದರೆ ಕರೆಂಟು ಹಾಯುವಾಗ ಉರಿಯುವ ಬೆಳಕು, ಹೊತ್ತುವುದು ಅಲ್ಲಿ. ಟಂಗ್‌ಸ್ಟನ್ ಕರಗಲು ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ಅದು ಜಾಯಿಂಟಿಗೆ ಸೇರದೆ ಉಳಿಯುತ್ತದೆ. ಸುತ್ತಲಿನ ಪಿಂಗಾಣಿ ಕಪ್ಪಿನಿಂದ ಆರ್ಗನ್ ಅನಿಲ ಬರುತ್ತಾ, ಕಾದ ಲೋಹಕ್ಕೆ ಗಾಳಿ ತಾಗದಂತೆ ತಡೆಯುತ್ತದೆ. (ಮಲೆನಾಡಿನ ಮಳೆಗಾಲದಲ್ಲಿ ಶೆಡ್ಡಿನೊಳಗೆ ಗಾಳಿ ನುಗ್ಗಿದರೆ ಈ ಆರ್ಗನ್ ಚದುರಿಹೋಗುತ್ತದೆ.) ಲೋಹ ತುಂಬಬೇಕಾದರೆ ಇನ್ನೊಂದು ಕೈಯಲ್ಲಿ ಫಿಲ್ಲರ್ ರಾಡ್ ಹಿಡಿದು, ಕರಗಿದ ಜಾಗಕ್ಕೆ ಅದ್ದಿ ಅದ್ದಿ ತೆಗೆಯಬೇಕು. ತೆಳು ತಗಡಾದರೆ ಅದೂ ಬೇಡ, ಅಂಚುಗಳೇ ಕರಗಿ ಕೂಡಿಕೊಳ್ಳುತ್ತವೆ.

ಆರ್ಕ್ ಕಲಿತು ಬಂದ ಹುಡುಗನಿಗೆ ಎಲೆಕ್ಟ್ರೋಡ್ ಅಂದರೆ ಕರಗುವ ಕಡ್ಡಿ. ಅದೇ ನೆನಪಲ್ಲಿ ಟಂಗ್‌ಸ್ಟನ್ನನ್ನು ತಾಗಿಸಿದರೆ ಮೊನೆಗೆ ಲೋಹ ಮೆತ್ತಿಕೊಳ್ಳುತ್ತದೆ, ಆರ್ಕ್ ನೆಟ್ಟಗೆ ನಿಲ್ಲದೆ ಅತ್ತಿತ್ತ ಓಡುತ್ತದೆ. ಮತ್ತೆ ಬಿಚ್ಚಿ ಗ್ರೈಂಡ್ ಮಾಡಬೇಕು.

ಪಠ್ಯಪುಸ್ತಕದ ‘ವಿದ್ಯುದ್ವಾರ’ ಭಾರದ ಪದ, ನಿಜ. ಆದರೆ ಟಂಗ್‌ಸ್ಟನ್‌ಗೆ ಚೆನ್ನಾಗಿ ಹೊಂದುತ್ತದೆ: ಅದು ಕರೆಂಟಿಗೆ ಬಾಗಿಲು ಮಾತ್ರ, ಅಲ್ವಾ? ನನಗೆ ‘ಟಂಗ್‌ಸ್ಟನ್ ಮೊನೆ’ ಇನ್ನೂ ಹಗುರ ಅನಿಸುತ್ತದೆ. ‘ರಾಡ್’ ಅನ್ನು ಫಿಲ್ಲರ್‌ಗಷ್ಟೇ ಬಿಡೋಣ ಅಂತಿದ್ದೇನೆ.

ವರ್ಕ್‌ಶಾಪುಗಳಲ್ಲಿ ಬಳಕೆಯಲ್ಲಿರುವ ‘ಆರ್ಗನ್ ವೆಲ್ಡಿಂಗ್’ ಎಂಬ ಹೆಸರನ್ನು ಜೊತೆಗೆ ಕೊಡುತ್ತೇನೆ. ತಲೆಬರಹ ಮಾತ್ರ ಟಿಗ್ ಎಂದೇ ಇರಲಿ. ಯಾಕೆಂದರೆ ಆರ್ಗನ್ನೇ ಆಗಬೇಕೆಂದಿಲ್ಲ: 1940ರ ದಶಕದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಯಲ್ಲಿ ಮೆಗ್ನೀಸಿಯಂ ಬೆಸೆಯಲು ಮೊದಲು ಬಳಸಿದ ಅನಿಲ ಹೀಲಿಯಂ.

ಇನ್ನೊಂದು ಪ್ರಶ್ನೆ. ಮೊನೆಯ ಕೆಳಗೆ ಕರಗಿ ನಿಂತ ಲೋಹಕ್ಕೆ ‘ಮಡು’ ಅನ್ನಬಹುದೇ? ಭದ್ರಾವತಿ ಕಡೆ ಕಬ್ಬಿಣದ ಕೆಲಸ ಮಾಡಿದವರು ಇದಕ್ಕೆ ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.