ಮಕ್ಕಳ ನರರೋಗ ತರಬೇತಿಗೆ ದತ್ತಿ ಹಣ: ಒಬ್ಬರಿಗೆ ಫೆಲೋಶಿಪ್ಪೋ, ಹಲವರಿಗೆ ಕಿರು ಕೋರ್ಸೋ?

ಹೊಂಗೆನೆರಳು (ಪ್ರಶ್ನೆ)
ಒಬ್ಬ ಮಕ್ಕಳ ವೈದ್ಯರನ್ನು ನರರೋಗದ ಹೆಚ್ಚಿನ ತರಬೇತಿಗೆ ಕಳಿಸಲು ನಮ್ಮ ಟ್ರಸ್ಟ್ ಹಣ ತೆಗೆದಿಟ್ಟಿದೆ. ಅವರ ಆಸ್ಪತ್ರೆಯಲ್ಲಿ ಈ ವಿಭಾಗವೇ ಇಲ್ಲ. 2 ವರ್ಷದ ಫೆಲೋಶಿಪ್ ಒಬ್ಬರಿಗೆ ಕೊಡುವುದು ಸರಿಯೋ, ಅದೇ ಹಣದಲ್ಲಿ ಹಲವರಿಗೆ ಕಿರು ಕೋರ್ಸ್ ಮಾಡಿಸುವುದೋ? ವಾಪಸ್ ಬರಲೆಂದು ಬಾಂಡ್ ಬರೆಸಿಕೊಳ್ಳಬೇಕೇ?

ನರತಂತು
ಎರಡರ ಕೆಲಸ ಬೇರೆ ಬೇರೆ ಸರ್. ಬ್ರಿಟಿಷ್ ಪೀಡಿಯಾಟ್ರಿಕ್ ನ್ಯೂರಾಲಜಿ ಅಸೋಸಿಯೇಷನ್ ನಡೆಸುವ 'ಪೆಟ್' ಎಂಬ ಮಕ್ಕಳ ಮೂರ್ಛೆರೋಗ ತರಬೇತಿ ಕೋರ್ಸಿನ ಮೊದಲ ಹಂತ ಒಂದೇ ದಿನದ್ದು. ಫಿಟ್ಸ್ ಯಾವುದು, ಫಿಟ್ಸ್ ಅಲ್ಲದ್ದು ಯಾವುದು ಎಂದು ಗುರುತಿಸಿ ಮೊದಲ ಚಿಕಿತ್ಸೆ ಕೊಡಲು ವಾರ್ಡ್ ವೈದ್ಯರಿಗೆ ಅದು ತುಂಬಾ ಉಪಯೋಗ. ಆದರೆ ಅದರಿಂದ ತಜ್ಞರು ತಯಾರಾಗುವುದಿಲ್ಲ. ವಿಭಾಗ ಕಟ್ಟಬೇಕಿದ್ದರೆ ಫೆಲೋಶಿಪ್ಪೇ ಬೇಕು. ಕೇಪ್‌ಟೌನ್ ವಿಶ್ವವಿದ್ಯಾಲಯದ ಆಫ್ರಿಕನ್ ಪೀಡಿಯಾಟ್ರಿಕ್ ಫೆಲೋಶಿಪ್ ಕಾರ್ಯಕ್ರಮದ ಕ್ರಮ ನೋಡಿ: ಊರಿನ ಆಸ್ಪತ್ರೆಯೇ ವೈದ್ಯರನ್ನು ಕಳಿಸುತ್ತದೆ, ತರಬೇತಿ ಮುಗಿದ ಮೇಲೆ ಅವರು ಅಲ್ಲಿಗೇ ಮರಳಬೇಕು.

ಹಣ ಕೊಡುವ ಮುನ್ನ ಕಲಿಸುವ ಆಸ್ಪತ್ರೆಯನ್ನು ಒಂದು ಮಾತು ಕೇಳಲೇಬೇಕು: ಬಂದವರು ಸ್ವತಃ ರೋಗಿ ನೋಡಬಹುದೇ? ವಿದೇಶಕ್ಕೆ ಕಳಿಸುವುದಾದರೆ, ಆ ದೇಶದ ವೈದ್ಯ ಮಂಡಳಿಯ ನೋಂದಣಿ ಸಿಗದಿದ್ದರೆ ಪಕ್ಕದಲ್ಲಿ ನಿಂತು ನೋಡುವುದಷ್ಟೇ. ದತ್ತಿ ಹಣ ಹೆಚ್ಚಾಗಿ ಪೋಲಾಗುವುದು ಇಲ್ಲೇ. ನೋಂದಣಿಗೆ ತಿಂಗಳುಗಳೇ ಹಿಡಿಯಬಹುದು. ಅದು ಕೈಗೆ ಬರುವ ತನಕ ಟಿಕೆಟ್ ಬೇಡ, ಸ್ಟೈಪೆಂಡ್ ಶುರು ಮಾಡುವುದೂ ಬೇಡ.

ಹೊಂಗೆನೆರಳು
ಧನ್ಯವಾದ. ನಮ್ಮಲ್ಲಿ ಇಇಜಿ (ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ) ಯಂತ್ರವಿದೆ, ಬಳಸುವವರಿಲ್ಲ. ವೈದ್ಯರು ಕಲಿತು ಬಂದರೆ ಸಾಕಲ್ಲವೇ?

ಅಲೆರೇಖೆ
ಸಾಲದು. ಟೆಕ್ನೀಷಿಯನ್ ಒಬ್ಬರನ್ನೂ ಜೊತೆಗೇ ತಯಾರು ಮಾಡಿ. ತಲೆ ಅಳೆದು 10–20 ಪದ್ಧತಿಯಲ್ಲಿ (ಎಲೆಕ್ಟ್ರೋಡ್ ಎಲ್ಲೆಲ್ಲಿ ಇಡಬೇಕೆಂಬ ನಿಗದಿತ ಕ್ರಮ) 21 ಎಲೆಕ್ಟ್ರೋಡ್ ಕೂರಿಸಿ, ಪ್ರತಿಯೊಂದರ ಇಂಪೀಡೆನ್ಸ್ (ಚರ್ಮದ ಜೊತೆಗಿನ ಸಂಪರ್ಕದಲ್ಲಿ ವಿದ್ಯುತ್ತಿಗೆ ಆಗುವ ತಡೆ) 5 ಕಿಲೋಓಮ್‌ಗಿಂತ ಕೆಳಗೆ ತರಬೇಕು. ಅಳುವ ಮಗುವಿನ ಮೇಲೆ ಇದನ್ನು ಮಾಡುವುದೇ ಒಂದು ಕಸುಬು. ಹಾಲು ಕುಡಿಸಿ, ನಿದ್ದೆಯ ಹೊತ್ತಿಗೆ ಸರಿಯಾಗಿ ರೆಕಾರ್ಡ್ ಮಾಡಬೇಕು. ನಿದ್ದೆ ಬಿಟ್ಟುಹೋದರೆ ಇನ್‌ಫೆಂಟೈಲ್ ಸ್ಪಾಸಮ್ (ಶಿಶುಗಳಲ್ಲಿ ಬರುವ ಒಂದು ಬಗೆಯ ಗಂಭೀರ ಫಿಟ್ಸ್) ಕೈತಪ್ಪಬಹುದು, ಏಕೆಂದರೆ ಅದರ ಗುರುತಾದ ಹಿಪ್ಸ್‌ಅರಿದ್ಮಿಯಾ ಎಂಬ ಅಸ್ತವ್ಯಸ್ತ ಅಲೆಗಳು ಹಲವು ಮಕ್ಕಳಲ್ಲಿ ನಿದ್ದೆಯಲ್ಲೇ ಚೆನ್ನಾಗಿ ಕಾಣುವವು.

ಓದುವವರ ತಪ್ಪು ಇದಕ್ಕೆ ಉಲ್ಟಾ. ಮಗು ತೂಕಡಿಸುವಾಗ ಎತ್ತರದ ನಿಧಾನ ಅಲೆಗಳು ಸಾಲಾಗಿ ಏಳುವುದು ಸಹಜ. ದೊಡ್ಡವರ ಇಇಜಿ ಮಾತ್ರ ಓದಿದವರು ಅದನ್ನೇ ಮೂರ್ಛೆರೋಗವೆಂದು ಬರೆದುಬಿಡುತ್ತಾರೆ, ಮಗು ವರ್ಷಗಟ್ಟಲೆ ಬೇಡದ ಮಾತ್ರೆ ನುಂಗುತ್ತದೆ. ಹಾಗಾಗಿ ಫೆಲೋಶಿಪ್ಪಿನಲ್ಲಿ ಎಷ್ಟು ಇಇಜಿಯನ್ನು, ಅದರಲ್ಲೂ ನವಜಾತ ಶಿಶುಗಳದ್ದನ್ನು, ಹಿರಿಯರ ಎದುರು ಕೂತು ಓದಿಸುತ್ತಾರೆ ಎಂದು ಲಿಖಿತವಾಗಿ ಕೇಳಿ. ಜೆಲ್, ಪೇಸ್ಟ್, ಬದಲಿ ಎಲೆಕ್ಟ್ರೋಡ್‌ಗಳಿಗೂ ಪ್ರತಿ ವರ್ಷ ಹಣ ಇಡಿ. ಯಂತ್ರ ಮೂಲೆ ಸೇರುವುದು ಸಾಮಾನ್ಯವಾಗಿ ಇಂಥ ಸಣ್ಣ ಸಾಮಾನು ಮುಗಿದಾಗಲೇ.

ಬೇವಿನಕಟ್ಟೆ
ಬಾಂಡ್ ವಿಷಯ: ದಂಡ ಕಟ್ಟಿ ಹೋಗುವವರು ಹೋಗಿಯೇ ಹೋಗುತ್ತಾರೆ. ವೈದ್ಯರನ್ನು ಹಿಡಿದಿಡುವುದು ಹುದ್ದೆ ಮತ್ತು ಕೆಲಸ ಮಾಡುವ ಅನುಕೂಲ. ಬಾಂಡ್‌ಗಿಂತ ಮೊದಲು ಆಸ್ಪತ್ರೆಯಿಂದ ಪತ್ರ ತೆಗೆದುಕೊಳ್ಳಿ: ಮಂಜೂರಾದ ಹುದ್ದೆ, ಸಂಬಳ, ವಾರಕ್ಕೆ ನಿಗದಿತ ನರರೋಗ ಒಪಿಡಿ ದಿನಗಳು. ಇದು ಬರೆದಿಡದಿದ್ದರೆ ಮರಳಿದವರನ್ನು ಮತ್ತೆ ಜನರಲ್ ವಾರ್ಡ್ ಡ್ಯೂಟಿಗೆ ಹಾಕುತ್ತಾರೆ, ಕಲಿತದ್ದು ಮಸುಕಾಗುತ್ತದೆ.

ಔಷಧಿ ಪಟ್ಟಿಯನ್ನೂ ಈಗಲೇ ನೋಡಿ. ಸ್ಪಾಸಮ್ ಗುರುತಿಸಿಯೂ ಅದರ ಔಷಧಿಗಳಾದ ಎಸಿಟಿಎಚ್ (ಹಾರ್ಮೋನ್ ಚುಚ್ಚುಮದ್ದು), ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್, ವಿಗಾಬ್ಯಾಟ್ರಿನ್ ಈ ಮೂರರಲ್ಲಿ ಒಂದೂ ಫಾರ್ಮಸಿಯಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ? ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಟ್ಯೂಬರಸ್ ಸ್ಕ್ಲೆರೋಸಿಸ್ (ಮೆದುಳು ಮುಂತಾದ ಅಂಗಗಳಲ್ಲಿ ಗಂಟು ಬೆಳೆಸುವ ಆನುವಂಶಿಕ ಕಾಯಿಲೆ) ಇರುವ ಮಕ್ಕಳ ಸ್ಪಾಸಮ್‌ಗೆ ವಿಗಾಬ್ಯಾಟ್ರಿನ್ನೇ ಮೊದಲ ಆಯ್ಕೆ, ಅದು ತರಿಸಲು ಸಮಯ ಹಿಡಿಯುವ ಔಷಧಿ.

ಬಜೆಟ್ಟಿನಲ್ಲಿ ಮರಳಿದ ನಂತರದ ಮೊದಲ ವರ್ಷಕ್ಕೂ ಪಾಲು ಇರಲಿ. ಕಲಿಸಿದ ಹಿರಿಯರ ಜೊತೆ ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಕೇಸ್ ಚರ್ಚೆ. ಇಇಜಿ ಫೈಲ್ ಮತ್ತು ಪೋಷಕರು ಫೋನಿನಲ್ಲಿ ತೆಗೆದ ವಿಡಿಯೋ ಕಳಿಸುವಾಗ ಒಪ್ಪಿಗೆ ಪತ್ರ ಇರಬೇಕು, ಹೆಸರು ಅಳಿಸಿರಬೇಕು. ಹಣ ಉಳಿದರೆ ಆಗ ನೀವು ಹೇಳಿದ ಕಿರು ಕೋರ್ಸನ್ನು ಸುತ್ತಲಿನ ಆಸ್ಪತ್ರೆಗಳವರಿಗೆ ಮಾಡಿಸಿ. ಮಕ್ಕಳನ್ನು ಇವರ ಬಳಿಗೆ ಬೇಗ ಕಳಿಸಬೇಕಾದವರು ಅವರೇ.